ದಾರದ ರೀಲು, ಫೋನಿನ ರೀಲು

ಹನುಮಂತನಗರ, ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಬೆಳಿಗ್ಗೆ ನೀನು ಕೇಳಿದ್ದಕ್ಕೆ ‘ನೋಡೋಣ’ ಎಂದು ಫೋನ್ ಇಟ್ಟುಬಿಟ್ಟೆ. ನನ್ನ ‘ನೋಡೋಣ’ ಎಂದರೆ ‘ಬೇಡ’ ಎಂದೇ ಅರ್ಥ ಎನ್ನುವುದು ನಿನಗೆ ಚಿಕ್ಕಂದಿನಿಂದ ಗೊತ್ತು. ಯಾಕೆ ಬೇಡ ಎಂದು ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ.

ಮೂರು ಸಾವಿರ ರೂಪಾಯಿ ಕೊಟ್ಟರೆ, ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ನಮ್ಮ ಕೆಲಸದ ಆನ್‌ಲೈನ್ ಪುಟಕ್ಕೆ ಹತ್ತು ಸಾವಿರ ಫಾಲೋವರ್‌ಗಳನ್ನು ತಂದುಕೊಡುತ್ತೇನೆ ಎಂದು ಯಾರೋ ಹೇಳಿದರಂತಲ್ಲ, ಆ ಹತ್ತು ಸಾವಿರದಲ್ಲಿ ಸೀರೆ ಉಡುವವರು ಎಷ್ಟು ಮಂದಿ ಎಂದು ಕೇಳಿದೆಯಾ? ಸೀರೆ ಹಾಗಿರಲಿ, ಮನುಷ್ಯರು ಎಷ್ಟು ಮಂದಿ? ಗಾಂಧಿ ಬಜಾರಿನ ಹೂವಾಡಗಿತ್ತಿ ದುಡ್ಡು ಕೊಟ್ಟು ತನ್ನ ಬುಟ್ಟಿಯ ಸುತ್ತ ಜನರನ್ನು ನಿಲ್ಲಿಸಿಕೊಂಡರೆ ಏನಾಗುತ್ತದೆ? ನಿಜವಾಗಿ ಹೂವು ಬೇಕಾದವಳು ಗದ್ದಲ ನೋಡಿ ಪಕ್ಕದ ಬುಟ್ಟಿಗೆ ಹೋಗುತ್ತಾಳೆ.

ಹೋದ ವರ್ಷದ ನಿನ್ನ ರೀಲು ನೆನಪಿಸಿಕೋ. ನನಗೆ ಇಷ್ಟು ವರ್ಷ ರೀಲು ಎಂದರೆ ರೇಷ್ಮೆ ದಾರದ ರೀಲು, ಬಿಟ್ಟರೆ ನಿಮ್ಮಪ್ಪ ಬಿಡುವ ರೀಲು. ನಾನು ನವಿಲು ಬಣ್ಣದ ಕುಚ್ಚು ಕಟ್ಟುವುದನ್ನು ನೀನು ಚಿತ್ರಿಸಿ ಹಾಕಿದೆ, ಅದು ಎಲ್ಲೆಲ್ಲಿಗೋ ಓಡಿತು, ಮೂರು ದಿನದಲ್ಲಿ ನೂರನಲವತ್ತು ಮೆಸೇಜು ಬಂದವು. ನೀನು ವೈಟ್‌ಫೀಲ್ಡಿನಲ್ಲಿ ಕುಣಿದಾಡಿದೆ. ಇಲ್ಲಿ ಇದ್ದದ್ದು ನಾನು ಮತ್ತು ಹಿಂದಿನ ಬೀದಿಯ ಇಬ್ಬರು ಹೆಂಗಸರು. ಸಾದಾ ಕುಚ್ಚಿಗೆ ಎರಡು ಗಂಟೆ ಬೇಕು, ಮಣಿ ಪೋಣಿಸುವುದಿದ್ದರೆ ಹಗಲು ಪೂರ್ತಿ ಅದಕ್ಕೇ ಹೋಗುತ್ತದೆ. ಮೂವರೂ ತಲೆ ಎತ್ತದೆ ಕೂತರೂ ಎರಡೂ ಬಗೆ ಸೇರಿ ದಿನಕ್ಕೆ ಎಂಟು ಸೀರೆ ದಾಟುವುದಿಲ್ಲ. ಆದರೂ ಬಂದ ಸೀರೆಗಳನ್ನೆಲ್ಲ ಒಪ್ಪಿಕೊಂಡೆವು. ಜಯನಗರದ ಒಬ್ಬ ಹುಡುಗಿಯ ಧಾರೆ ಸೀರೆ ನಮ್ಮ ಕೈಯಿಂದ ಹೊರಟಿದ್ದು ಮದುವೆಯ ಮಾರನೆಯ ದಿನ. ಅವಳು ಬೈಯಲಿಲ್ಲ. ‘ಪರವಾಗಿಲ್ಲ ಆಂಟಿ’ ಎಂದಳು, ಅಷ್ಟೇ. ಮತ್ತೆ ಬರಲಿಲ್ಲ, ಅವಳ ಅಕ್ಕಂದಿರೂ ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಹಾಗಾದರೆ ಜನ ಬರುವುದು ಹೇಗೆ ಎನ್ನುತ್ತೀಯ. ಬಂದವರು ಹೇಗೆ ಬಂದರು ಎಂದು ನೋಟ್‌ಬುಕ್ ನೋಡಿ ಲೆಕ್ಕ ಹಾಕಿದೆ. ಹೆಚ್ಚಿನವರು ಬಂದದ್ದು ನಾನು ಕಳಿಸುವ ಆ ಒಂದು ಫೋಟೊದಿಂದ, ನೀನು ‘ಚೆನ್ನಾಗಿಲ್ಲ, ಹಿಂದೆ ಬಟ್ಟೆ ಒಣಹಾಕಿದ ಹಗ್ಗ ಕಾಣುತ್ತದೆ’ ಎಂದೆಯಲ್ಲ, ಅದರಿಂದ. ದೂರದವರಿಗೆ ದೊಡ್ಡ ಭಯ ಬಣ್ಣದ್ದು. ಅವರು ಟ್ಯೂಬ್‌ಲೈಟಿನ ಕೆಳಗೆ ಫೋಟೊ ತೆಗೆದು ಕಳಿಸುತ್ತಾರೆ, ಈರುಳ್ಳಿ ಬಣ್ಣ ಹೋಗಿ ಕಾಫಿಪುಡಿಯಂತೆ ಕಾಣುತ್ತದೆ. ಬದನೆಕಾಯಿ ಬಣ್ಣವಂತೂ ಒಂದೊಂದು ಫೋನಿನಲ್ಲಿ ಒಂದೊಂದು. ಒಮ್ಮೆ ಫೋಟೊ ನಂಬಿ ದಾರ ತಂದು ಇಡೀ ಸೆರಗು ಕಟ್ಟಿ, ಬಿಚ್ಚಿದ್ದೇನೆ. ಬಿಚ್ಚುವಾಗ ಸೆರಗಿನ ಎಳೆ ಎಳೆಯದಂತೆ ಕತ್ತರಿ ಆಡಿಸುವುದಿದೆಯಲ್ಲ, ಕಟ್ಟುವುದಕ್ಕಿಂತ ಅದು ಕಷ್ಟ. ಈಗ ಸೀರೆ ಕೈಗೆ ಬರುವವರೆಗೆ ದಾರ ಕೊಳ್ಳುವುದಿಲ್ಲ. ರವಿಕೆ ಕಣದ ಒಂದು ಚೂರು ಪರ್ಸಿನಲ್ಲಿಟ್ಟುಕೊಂಡು ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೊ ಹತ್ತುತ್ತೇನೆ, ಎರಡನೇ ನಿಲ್ದಾಣ ಚಿಕ್ಕಪೇಟೆ. ಅಂಗಡಿಯವನನ್ನು ಬಾಗಿಲ ಹೊರಗೆ ಕರೆದು ಬಿಸಿಲಿನಲ್ಲಿ ಹೊಂದಿಸಿ ನೋಡುತ್ತೇನೆ. ಮನೆಗೆ ಬಂದು ಸೆರಗಿನ ಮೇಲೆ ಮೂರು ರೀಲು ಅಡ್ಡ ಮಲಗಿಸಿ, ಬೆಳಿಗ್ಗೆ ಹತ್ತರ ಬೆಳಕಿನಲ್ಲಿ ಬಾಲ್ಕನಿಯಲ್ಲಿ ಫೋಟೊ ತೆಗೆದು, ‘ಇವುಗಳಲ್ಲಿ ಯಾವುದಮ್ಮ?’ ಎಂದು ಕೇಳುತ್ತೇನೆ. ಆ ಫೋಟೊವನ್ನು ಅವರು ಅತ್ತೆಗೆ, ಅತ್ತಿಗೆಗೆ, ಸ್ನೇಹಿತೆಗೆ ಕಳಿಸಿ ‘ಯಾವುದು ಚೆನ್ನ?’ ಎಂದು ಕೇಳುತ್ತಾರೆ. ಅತ್ತಿಗೆಯ ಸೀರೆ ಮುಂದಿನ ತಿಂಗಳು ಬರುತ್ತದೆ. ಹಗ್ಗ ಕಂಡರೆ ಕಾಣಲಿ ಬಿಡು.

ಆ ಫೋಟೊಗಳನ್ನೇ ಪುಟದಲ್ಲೂ ಹಾಕು. ಬಣ್ಣದ ಹೆಸರನ್ನು ಚಿತ್ರದೊಳಗೆ ಅಲಂಕಾರದ ಅಕ್ಷರದಲ್ಲಿ ಬರೆದು ಸುಮ್ಮನಾಗಬೇಡ, ಕೆಳಗೆ ಕನ್ನಡದಲ್ಲಿ ಟೈಪ್ ಮಾಡು. ‘ಈರುಳ್ಳಿ ಬಣ್ಣದ ಸೀರೆಗೆ ಯಾವ ಕುಚ್ಚು’ ಎಂದು ಹುಡುಕುವವರು ನನ್ನಂಥವರು. ಅವರ ಕಣ್ಣಿಗೆ ಬೀಳುವುದು ಹಾಗೆ.

ಇನ್ನು ನನ್ನ ನೋಟ್‌ಬುಕ್ಕು. ಅದನ್ನು ನೋಡಿ ನಗುತ್ತೀಯ. 2020ರ ಜೂನ್ 29ರಂದು ಸರ್ಕಾರ ಐವತ್ತೊಂಬತ್ತು ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಟಿಕ್‌ಟಾಕ್ ನಂಬಿ ವ್ಯಾಪಾರ ಮಾಡುತ್ತಿದ್ದವರ ಗಿರಾಕಿಗಳು ಅದರ ಜೊತೆಗೇ ಹೋದರು. ಮರುವರ್ಷ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಮಲಗಿದ್ದವು. ನೋಟ್‌ಬುಕ್ ಮೊಳೆಗೆ ನೇತುಹಾಕಿದ ಜಾಗದಲ್ಲೇ ಇತ್ತು. ಹೆಸರು, ನಂಬರು, ಸೀರೆಯ ಬಣ್ಣ, ಕುಚ್ಚಿನ ಬಗೆ, ಮನೆಯಲ್ಲಿ ಮುಂದಿನ ಮದುವೆ ಯಾರದು, ಎಲ್ಲ ಅದರಲ್ಲಿದೆ. ಅದನ್ನು ಕಂಪ್ಯೂಟರಿಗೆ ಏರಿಸಿಕೊಡು, ಬೇಡ ಎನ್ನುವುದಿಲ್ಲ. ಒಂದೇ ಸುದ್ದಿಯನ್ನು ಒಟ್ಟಿಗೆ ಹಲವರಿಗೆ ಕಳಿಸುವ ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಸುದ್ದಿ ತಲುಪುತ್ತದೆ ಎಂದು ನೀನೇ ಹೇಳಿದ್ದೆ. ನನಗೆ ಆ ನಿಯಮ ಬಹಳ ಹಿಡಿಸಿತು. ಕುಚ್ಚಿನ ಜೊತೆ ಒಂದು ಚೀಟಿ ಇಟ್ಟು ‘ನಂಬರು ಉಳಿಸಿಕೊಳ್ಳಿ’ ಎಂದು ಬರೆಯುತ್ತಿರುವುದು ಅದಕ್ಕೇ.

ದುಡ್ಡು ಕೊಟ್ಟು ಜಾಹೀರಾತು ಹಾಕಲೇಬೇಕೆಂದರೆ ಆಷಾಢದ ಮೊದಲ ಎರಡು ವಾರ ಹಾಕು, ಹನುಮಂತನಗರದ ಸುತ್ತಮುತ್ತಲಿಗೆ ಮಾತ್ರ. ಮದುವೆ ಇಲ್ಲದ ತಿಂಗಳು, ನಮ್ಮ ಕೈ ಖಾಲಿ. ರಿಯಾಯಿತಿಯಲ್ಲಿ ಸೀರೆ ಕೊಂಡವರು ವರಮಹಾಲಕ್ಷ್ಮಿ ಹಬ್ಬಕ್ಕೆ ಉಡಲು ಇಟ್ಟಿರುತ್ತಾರೆ. ಹಬ್ಬ ವಾರವಿರುವಾಗ ಜಾಹೀರಾತು ಬೇಡವೇ ಬೇಡ. ಆಗ ‘ಇನ್ನು ಒಪ್ಪಿಕೊಳ್ಳುವುದಿಲ್ಲ’ ಎಂದು ಹಾಕು, ಅದನ್ನೂ ಜನ ಓದುತ್ತಾರೆ.

ಗೂಗಲ್ ಮ್ಯಾಪಿನಲ್ಲಿ ಹೆಸರು ಸೇರಿಸು, ಆದರೆ ಮನೆ ವಿಳಾಸ ಮುಚ್ಚಿಡು, ಬಡಾವಣೆಯಷ್ಟೇ ಕಾಣಲಿ. ಹಾಗೆ ಇಡುವುದಕ್ಕೆ ಅದರಲ್ಲೇ ಅವಕಾಶವಿದೆ. ಹೊತ್ತುಗೊತ್ತಿಲ್ಲದೆ ಬಾಗಿಲು ಬಡಿಯುವವರಿಗೆ ಕಾಫಿ ಕೊಡುವುದು ನನ್ನಿಂದಾಗದು. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಯಾರಿಗೂ ದುಡ್ಡು ಕೊಡಬೇಡ. ತೆರಿಗೆಯ ಚಿಂತೆ ನಿಮ್ಮಪ್ಪನದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದು, ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದ ಮೇಲೆ ಅವರಿಗೆ ನಿದ್ದೆಯಿಲ್ಲ. ನಮ್ಮದು ಬೇರೆಯವರ ಸೀರೆಗೆ ಮಾಡಿಕೊಡುವ ಕೆಲಸ, ಹಾಗಾಗಿ ಸೇವೆ. ಜಿಎಸ್‌ಟಿಯ ಮಾತು ಬರುವುದು ವರ್ಷಕ್ಕೆ ಇಪ್ಪತ್ತು ಲಕ್ಷ ದಾಟಿದ ಮೇಲೆ ಎಂದು ಎಷ್ಟು ಹೇಳಿದರೂ ಕೇಳರು. ನೀನು ಹೇಳಿದರೆ ಕೇಳಿಯಾರು.

ಆ ಮೂರು ಸಾವಿರದ ವಿಷಯ. ಹಿಂದಿನ ಬೀದಿಯವರ ಪೈಕಿ ಒಬ್ಬರ ಮಗಳು ಪಿಯುಸಿ ಮುಗಿಸಿ ಮನೆಯಲ್ಲಿದ್ದಾಳೆ, ಬೆರಳು ಚುರುಕು. ಒಂದು ತಿಂಗಳು ಕಲಿಯುವಾಗ ಅವಳ ಕೈಗೆ ಅದನ್ನು ಕೊಡೋಣವೆಂದಿದ್ದೇನೆ. ಹಬ್ಬದ ಹೊತ್ತಿಗೆ ನಾಲ್ವರಾಗುತ್ತೇವೆ.

ಶನಿವಾರ ಬರುವಾಗ ನಿನ್ನ ಆ ಗಿಳಿಹಸಿರು ಸೀರೆ ತಾ. ಸೆರಗು ಹಾಗೇ ಬಿಟ್ಟುಕೊಂಡು ತಿರುಗುತ್ತಿದ್ದೀಯ, ಊರಿಗೆಲ್ಲ ಕುಚ್ಚು ಕಟ್ಟುವವಳ ಮಗಳು.

ನಿನ್ನ
ಅಮ್ಮ