ಮೂರು ಗಂಟೆಯ ಖರ್ಚು ಕೊಡಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಬಜೆಟ್ ಪೂರ್ವಭಾವಿ ಸಭೆಗಳು ಶುರುವಾಗುವ ಮುನ್ನ ಈ ಬೇಡಿಕೆ ತಮ್ಮ ಮುಂದಿರಲಿ. ಕೂಲಿ, ಪಡಿತರ, ನೀರಾವರಿ, ಪಂಚಾಯಿತಿ, ನಗದು ನೆರವು ಮೊದಲಾದ ವಿಷಯಗಳಲ್ಲಿ ಸರ್ಕಾರಗಳು ಏನು ಮಾಡುತ್ತವೆ, ಅದರಿಂದ ಜನರ ಬದುಕು ಎಷ್ಟು ಬದಲಾಗುತ್ತದೆ ಎಂಬುದನ್ನು ಇಲ್ಲಿಯೂ ಬೇರೆ ದೇಶಗಳಲ್ಲಿಯೂ ಅಧ್ಯಯನ ಮಾಡುವ ಯುವ ಸಂಶೋಧಕರಿಗಾಗಿ ರಾಜ್ಯ ಸರ್ಕಾರವೇ ಒಂದು ಫೆಲೋಶಿಪ್ ಆರಂಭಿಸಬೇಕು. ವರ್ಷಕ್ಕೆ ಐವತ್ತು ಮಂದಿಯನ್ನು ಆರಿಸಿಕೊಂಡರೆ ಸಾಕು.

ನಮ್ಮನ್ನು ಅಧ್ಯಯನ ಮಾಡಲು ಹೊರಗಿನವರು ಬರುವುದು ಹೊಸದೇನಲ್ಲ. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಯುವ ಸಂಶೋಧಕಿ ಇಂಗ್ಲೆಂಡಿನಿಂದ ಮಂಡ್ಯಕ್ಕೆ ಬಂದು ಎರಡು ಹಳ್ಳಿಗಳನ್ನು ಆರಿಸಿಕೊಂಡರು. ಒಂದಕ್ಕೆ ನಾಲೆಯ ನೀರು ಹರಿದಿತ್ತು, ಇನ್ನೊಂದಕ್ಕೆ ಹರಿದಿರಲಿಲ್ಲ. ನೀರು ಕಂಡ ಹಳ್ಳಿ ಕಬ್ಬು ಬೆಳೆದು ಸುಧಾರಿಸಿತು, ಆದರೆ ಊರಿನ ಹಳೆಯ ಕಟ್ಟುಪಾಡುಗಳು ಹೆಚ್ಚೇನೂ ಕದಲಲಿಲ್ಲ. ನೀರು ಕಾಣದ ಹಳ್ಳಿಯವರು ಮಂಡ್ಯ ಪೇಟೆಯ ಕೆಲಸ, ವ್ಯಾಪಾರಗಳಿಗೆ ಇಳಿದರು. ಸಾಮಾಜಿಕವಾಗಿ ಹೆಚ್ಚು ಬದಲಾದದ್ದು ಆ ಊರೇ. ನೀರಾವರಿ ಕೊಟ್ಟರೆ ಎಲ್ಲವೂ ತಾನಾಗಿ ಬದಲಾಗುತ್ತದೆ ಎಂದು ನಂಬಿದವರು ಮತ್ತೆ ಯೋಚಿಸಬೇಕಾದ ಫಲಿತಾಂಶ ಅದು. ಬೆಂಗಳೂರಿನಿಂದ ಹೊರಕ್ಕೆ ಹೋದ ವಿದ್ಯೆಯೂ ಉಂಟು. 1990ರ ದಶಕದಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಸಂಗಡಿಗರು ಜಲಮಂಡಳಿ, ವಿದ್ಯುತ್ ಮಂಡಳಿ, ಬಿಡಿಎ ಮೊದಲಾದ ಸಂಸ್ಥೆಗಳಿಗೆ ನಾಗರಿಕರಿಂದಲೇ ಅಂಕ ಹಾಕಿಸಿ ಸಿದ್ಧಪಡಿಸಿದ ವರದಿ ಪತ್ರದ ವಿಧಾನವನ್ನು ಫಿಲಿಪ್ಪೀನ್ಸ್‌ನಂಥ ದೇಶಗಳೂ ಎತ್ತಿಕೊಂಡವು. ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಇದೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ. ಸಂಸ್ಥೆಗಳಿಗೆ ಈ ಊರಿನಲ್ಲಿ ಬರವಿಲ್ಲ. ಬರ ಇರುವುದು ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಓದುವ ನಮ್ಮ ಮಕ್ಕಳ ಕೈಯಲ್ಲಿ.

ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿರುವ ಒಬ್ಬಳು ರಾಯಚೂರು ಜಿಲ್ಲೆಯವಳು. ಹೊಟ್ಟೆಪಾಡಿಗಾಗಿ ವಿದೇಶಿ ಅಧ್ಯಯನವೊಂದಕ್ಕೆ ಸಮೀಕ್ಷೆಯ ಕೆಲಸ ಮಾಡುತ್ತಾಳೆ. ದೇವದುರ್ಗ ತಾಲ್ಲೂಕಿನ ಒಂದು ಮನೆಯ ಕಟ್ಟೆಯಲ್ಲಿ ಕುಳಿತು ಸೊಸೆಯನ್ನು ಕೇಳಿದಳು: ಗೃಹಲಕ್ಷ್ಮಿ ಹಣ ಯಾರ ಕೈಯಲ್ಲಿರುತ್ತದೆ? ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು. ಪಡಿತರ ಚೀಟಿಯಲ್ಲಿ ಯಜಮಾನಿ ಅವರೇ. ಸೊಸೆ ‘ಅತ್ತೆಯವರ ಕೈಯಲ್ಲಿ’ ಎಂದಳು. ಟ್ಯಾಬ್‌ನಲ್ಲಿ ಎರಡನೆಯ ಗುಂಡಿ ಒತ್ತಿ ಆಯಿತು. ಆಡಿಗೆ ಸೊಪ್ಪು ಹಾಕಲು ಅತ್ತೆ ಹಿತ್ತಲಿಗೆ ಹೋದ ಮೇಲೆ ಸೊಸೆ ದನಿ ತಗ್ಗಿಸಿ, ಬ್ಯಾಂಕಿನಿಂದ ಹಣ ಬಿಡಿಸಿ ತರುವವಳು ತಾನೇ, ತಿಂಗಳಿಗೆ ಐನೂರು ತನ್ನ ಬಳಿ ಉಳಿಯುತ್ತದೆ, ಅದು ಅತ್ತೆಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ ಎಂದಳು. ಅತ್ತೆ, ಸೊಸೆ ಇಬ್ಬರೂ ಸೇರಿ ಗಂಡಸರಿಂದ ಹಣ ಕಾಯುತ್ತಿದ್ದಾರೆ! ಇದನ್ನು ಬರೆದುಕೊಳ್ಳಲು ಟ್ಯಾಬ್‌ನಲ್ಲಿ ಜಾಗವಿರಲಿಲ್ಲ. ಮುಂದೆ ಅಂಕಿಅಂಶ ಕಡಲಾಚೆ ಹೋಗುತ್ತದೆ, ಪ್ರಬಂಧ ಪ್ರಕಟವಾಗುತ್ತದೆ, ಇವಳ ಹೆಸರು ಕೃತಜ್ಞತೆಯ ಸಾಲಿನಲ್ಲಿ ಬಂದರೆ ಪುಣ್ಯ. ಬಡ ಕುಟುಂಬಗಳಿಗೆ ಬ್ರೆಜಿಲ್ ಸರ್ಕಾರ ಕೊಡುವ ಬೋಲ್ಸಾ ಫಮೀಲಿಯಾ ನಗದು ನೆರವೂ 2003ರಿಂದ ಹೆಚ್ಚಾಗಿ ಮನೆಯ ಹೆಣ್ಣಿನ ಹೆಸರಿಗೇ ಹೋಗುತ್ತಿದೆ. ಅಲ್ಲಿನ ಮನೆಗಳಲ್ಲಿ ಏನು ನಡೆಯುತ್ತದೆಂದು ಮೂರು ತಿಂಗಳು ಇದ್ದು ನೋಡಬೇಕೆಂಬುದು ಇವಳ ಆಸೆ. ಬ್ರೆಜಿಲಿನವರು ದೇವದುರ್ಗಕ್ಕೆ ಬರಲು ದಾರಿಯಿದೆ. ದೇವದುರ್ಗದವಳು ಬ್ರೆಜಿಲಿಗೆ ಹೋಗಲು ಇಲ್ಲ.

ಇರುವ ನೆರವನ್ನು ಅಲ್ಲಗಳೆಯುವುದಿಲ್ಲ. ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಅದು ಸಿಗದವರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಿಂಗಳಿಗೆ ಕೊಡುವ 8,000 ರೂಪಾಯಿ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ ಮಾತ್ರ. ಸಿಕ್ಕಿದ್ದರೂ ಅದು ಬೆಂಗಳೂರಿನಲ್ಲಿ ಹಂಚಿಕೊಂಡ ಪಿ.ಜಿ. ಕೋಣೆಗೇ ಮುಗಿಯುತ್ತಿತ್ತು. ಪರಿಶಿಷ್ಟ ಜಾತಿ ಮೊದಲಾದ ಸಮುದಾಯಗಳ ಮಕ್ಕಳು ವಿದೇಶದಲ್ಲಿ ಓದಲೆಂದಿರುವ ಕೇಂದ್ರದ ವಿದ್ಯಾರ್ಥಿವೇತನದಿಂದ ಭಾರತದ ಸಮಾಜ, ಇತಿಹಾಸ, ಸಂಸ್ಕೃತಿ ಕುರಿತ ವಿಷಯಗಳನ್ನು 2022ರಲ್ಲಿ ಹೊರಗಿಟ್ಟರು. ತಮ್ಮದೇ ಸರ್ಕಾರದ ಯುವನಿಧಿ ನಿರುದ್ಯೋಗ ಭತ್ಯೆಯೋ, ಮುಂದೆ ಓದುತ್ತೇನೆಂದವರಿಗೆ ಇಲ್ಲ. ಮಹಿಳಾ ಸಂಶೋಧನಾರ್ಥಿಗಳಿಗೆ ಕ್ಷೇತ್ರಕಾರ್ಯದ ಭತ್ಯೆಯೆಂದರೆ ಶಕ್ತಿ ಯೋಜನೆಯ ಉಚಿತ ಬಸ್ ಟಿಕೆಟ್ ಎಂದು ನಮ್ಮ ವಿಭಾಗದಲ್ಲಿ ನಗುತ್ತಾರೆ. ಪೂರ್ತಿ ತಮಾಷೆಯೂ ಅಲ್ಲ.

ಮೆಕ್ಸಿಕೊ 1997ರಲ್ಲಿ ಬಡ ತಾಯಂದಿರಿಗೆ ನಗದು ಕೊಡುವ ಯೋಜನೆ ತಂದಾಗ, ಎಲ್ಲ ಹಳ್ಳಿಗಳಿಗೂ ಒಟ್ಟಿಗೆ ಕೊಡದೆ ಹಂತಹಂತವಾಗಿ ಕೊಟ್ಟು, ಮೊದಲು ಪಡೆದ ಹಳ್ಳಿಗಳನ್ನು ಕಾಯುತ್ತಿದ್ದ ಹಳ್ಳಿಗಳೊಂದಿಗೆ ಹೋಲಿಸಿ ನೋಡಿಸಿತು. ಶಾಲೆಗೆ ಹೋಗುವ ಮಕ್ಕಳು ಹೆಚ್ಚಾದರು ಎಂಬ ಪುರಾವೆ ಕೈಯಲ್ಲಿದ್ದುದರಿಂದ ಸರ್ಕಾರ ಬದಲಾದರೂ ಯೋಜನೆ ಹೆಸರು ಬದಲಿಸಿಕೊಂಡು ಎರಡು ದಶಕ ಬಾಳಿತು. ನಮ್ಮಲ್ಲಿ ಕೋಟಿಗೂ ಹೆಚ್ಚು ಮಹಿಳೆಯರಿಗೆ ತಿಂಗಳಿಗೆ 2,000 ರೂಪಾಯಿ ಹೋಗುತ್ತದೆ. ಬಿಟ್ಟಿ ಭಾಗ್ಯ ಎಂದು ಜರೆಯುವವರಿಗೂ, ಎಲ್ಲ ಸಮಸ್ಯೆ ತೀರಿತೆಂದು ಹೊಗಳುವವರಿಗೂ ಟಿವಿಯಲ್ಲಿ ಜಾಗವಿದೆ. ಅಳೆದು ನೋಡುವ ಹುಡುಗಿಗೆ ಸಂಬಳವಿಲ್ಲ.

ಲೆಕ್ಕ ನೋಡಿ. ತಿಂಗಳಿಗೆ 40,000ದಂತೆ ಐವತ್ತು ಮಂದಿಗೆ ವರ್ಷಕ್ಕೆ 2.4 ಕೋಟಿ. ಫೆಲೋಶಿಪ್ ಮೂರು ವರ್ಷದ್ದಾದರೆ, ಮೂರು ತಂಡಗಳು ಒಟ್ಟಿಗಿರುವಾಗ 7.2 ಕೋಟಿ. ಕ್ಷೇತ್ರಕಾರ್ಯ, ವಿದೇಶ ಪ್ರಯಾಣ ಸೇರಿಸಿ ಹತ್ತು ಕೋಟಿ ಎನ್ನೋಣ. ಗೃಹಲಕ್ಷ್ಮಿಗೆ ವರ್ಷಕ್ಕೆ ಸುಮಾರು 28,000 ಕೋಟಿ ಎತ್ತಿಡುವ ರಾಜ್ಯಕ್ಕೆ ಇದು ಆ ಒಂದೇ ಯೋಜನೆಯ ಮೂರು ಗಂಟೆಯ ಖರ್ಚು.

ಅರ್ಧದಷ್ಟು ಸ್ಥಾನಗಳು ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳವರಿಗೆ ಇರಲಿ. ಪ್ರಾದೇಶಿಕ ಅಸಮಾನತೆ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಮತ್ತೊಂದು ಸಮಿತಿಯನ್ನೇ ರಚಿಸಬೇಕಾಗಿ ಬಂದ ರಾಜ್ಯದಲ್ಲಿ, ಆ ತಾಲ್ಲೂಕುಗಳಲ್ಲೇ ಅಳೆಯಬಲ್ಲವರು ಬೆಳೆಯಲಿ. ಪಿಎಚ್.ಡಿ. ಮುಗಿಸಿ ಅತಿಥಿ ಉಪನ್ಯಾಸಕರಾಗಿ ಸವೆಯುತ್ತಿರುವವರಿಗೂ ಎರಡು ವರ್ಷದ ಅವಕಾಶ ಸಿಗಲಿ. ವರದಿಯನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿರಬಾರದು. ಹಣ ತಿಂಗಳು ತಿಂಗಳು ಬರಲಿ. ಹಾಜರಾತಿ ಪತ್ರ, ಪ್ರಗತಿ ವರದಿ, ಹಣ ಬಳಕೆ ಪತ್ರ ಎಂದು ಕಡತ ಮೇಜಿನಿಂದ ಮೇಜಿಗೆ ಅಲೆದು, ಏಪ್ರಿಲ್ ಹಣ ಡಿಸೆಂಬರಿನಲ್ಲಿ ಒಟ್ಟಿಗೆ ಬಂದರೆ ಅಷ್ಟರಲ್ಲಿ ಹುಡುಗ ಕಾಲ್‌ಸೆಂಟರ್ ಸೇರಿರುತ್ತಾನೆ. ಯೋಜನೆಗಳ ದತ್ತಾಂಶವನ್ನೂ ಫಲಾನುಭವಿಗಳ ಹೆಸರು, ಆಧಾರ್ ಸಂಖ್ಯೆ ತೆಗೆದುಹಾಕಿ ಇವರಿಗೆ ತೆರೆದಿಡಬೇಕು.

ಕೊನೆಯ ಮಾತು ತಮಗೆ ಹಿಡಿಸದಿರಬಹುದು. ಆಯ್ಕೆ ಸಮಿತಿಯಲ್ಲಿ ಇಲಾಖೆಯ ಕಾರ್ಯದರ್ಶಿಗಳು ಬೇಡ, ಬೋಧಕರು, ಸಂಶೋಧಕರು ಇರಲಿ. ಯೋಜನೆ ಸೋತಿದೆ ಎಂದು ಕಂಡರೆ ಹಾಗೆಯೇ ಬರೆಯುವ ಹಕ್ಕು ಫೆಲೋಶಿಪ್ ಪಡೆದವರಿಗೆ ಮಾರ್ಗಸೂಚಿಯಲ್ಲೇ ಇರಬೇಕು. ‘ಸರ್ಕಾರದ ಪೂರ್ವಾನುಮತಿಯಿಲ್ಲದೆ ಪ್ರಕಟಿಸತಕ್ಕದ್ದಲ್ಲ’ ಎಂಬ ಸಾಲೊಂದು ಆದೇಶದಲ್ಲಿ ನುಸುಳುವುದಾದರೆ ಫೆಲೋಶಿಪ್ಪೇ ಬೇಡ. ಆ ಹತ್ತು ಕೋಟಿಯಲ್ಲಿ ವಿದ್ಯಾರ್ಥಿನಿಲಯಗಳ ಶೌಚಾಲಯ ದುರಸ್ತಿ ಮಾಡಿಸಿ.

ತಮ್ಮ ವಿಶ್ವಾಸಿ,
ಅಭಿವೃದ್ಧಿ ಅಧ್ಯಯನದ ಒಬ್ಬ ಅಧ್ಯಾಪಕ, ಬೆಂಗಳೂರು