ರೋಟರಿ ಎಂಜಿನ್ನನ್ನು ಗುಜರಿಗೆ ಹಾಕುವ ಮುನ್ನ ಅಳೆದು ನೋಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಪ್ರಕಟವಾದ ಹಳೆಯ ಸ್ಪೋರ್ಟ್ಸ್ ಕಾರುಗಳ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರಲ್ಲಿ, ಪಿಸ್ಟನ್ನಿನ ಬದಲು ತ್ರಿಕೋನಾಕಾರದ ರೋಟರು ಸುತ್ತಿ ಶಕ್ತಿ ಕೊಡುವ ರೋಟರಿ ಎಂಜಿನ್ನಿಗೆ ಸಿಕ್ಕಿದ್ದು ಒಂದೇ ಪ್ಯಾರಾ. ಆಯಿಲ್ ಕುಡಿಯುತ್ತದೆ, ರೋಟರಿನ ಅಂಚಿನಿಂದ ಅನಿಲ ಸೋರದಂತೆ ತಡೆಯುವ ಸೀಲು ಬೇಗ ಸವೆಯುತ್ತದೆ, ಒಮ್ಮೆ ಕೆಟ್ಟರೆ ರಿಪೇರಿಗೆ ದಕ್ಕುವುದಿಲ್ಲ ಎಂದು ತೀರ್ಪು ಕೊಟ್ಟು ಲೇಖಕರು ಮುಂದಕ್ಕೆ ಹೋಗಿದ್ದಾರೆ. ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದು, ಹತ್ತೊಂಬತ್ತು ವರ್ಷಗಳಿಂದ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನೆಲೆಸಿರುವ ನಾನು, ಹನ್ನೊಂದು ವರ್ಷ ಶೆಡ್ಡಿನಲ್ಲಿ ಕದಲದೆ ನಿಂತಿದ್ದ 1987ರ ಮಜ್ದಾ ಆರ್‌ಎಕ್ಸ್-7 ಕಾರೊಂದನ್ನು ಮತ್ತೆ ರಸ್ತೆಗಿಳಿಸಲು ಕಳೆದ ಮೂರು ವರ್ಷಗಳ ರಜಾದಿನಗಳನ್ನೆಲ್ಲ ವಿನಿಯೋಗಿಸಿದ್ದೇನೆ. ಅಂಥದೇ ಒಂದು ತೀರ್ಪನ್ನು ನಂಬಿದ್ದರೆ ಆ ಕಾರಿನ ಎಂಜಿನ್ ಇಷ್ಟು ಹೊತ್ತಿಗೆ ಗುಜರಿ ಸೇರುತ್ತಿತ್ತು. ಆದ್ದರಿಂದ ಈ ಪತ್ರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಲೇಖಕರ ಮಾತಿಗೆ ಇತಿಹಾಸದ ಆಧಾರ ಇಲ್ಲವೆಂದಲ್ಲ. ಫೆಲಿಕ್ಸ್ ವಾಂಕೆಲ್ ಅವರ ಕಲ್ಪನೆಯ ಈ ರೋಟರಿ ಎಂಜಿನ್ 1957ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ಓಡಿತು. ಅದೇ ಕಂಪನಿ 1967ರಲ್ಲಿ ಹೊರತಂದ ಆರ್‌ಓ-80 ಕಾರಿನಲ್ಲಿ ಸೀಲುಗಳು ಬೇಗನೆ ಸವೆದು, ವಾರಂಟಿಯ ಅಡಿ ಎಂಜಿನ್ ಬದಲಿಸಿ ಕೊಡುವುದರಲ್ಲಿಯೇ ಕಂಪನಿ ಬಸವಳಿಯಿತು. ಎಷ್ಟೋ ಮಾಲೀಕರು ರೋಟರಿಯನ್ನು ಕಿತ್ತು ಫೋರ್ಡಿನ ವಿ-4 ಎಂಜಿನ್ ಕೂರಿಸಿಕೊಂಡರು. ಆದರೆ ಆ ಕಾರಿನ ದೋಷವನ್ನು ಅನಂತರದ ಎಲ್ಲ ರೋಟರಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಿರೋಶಿಮಾದ ಮಜ್ದಾ ಕಂಪನಿಯಲ್ಲಿ ಕೆನಿಚಿ ಯಮಾಮೊಟೊ ಅವರ ನೇತೃತ್ವದ 47 ಎಂಜಿನಿಯರುಗಳ ತಂಡವು ರೋಟರಿನ ಹೊರಕವಚವಾದ ಹೌಸಿಂಗಿನ ಒಳಗೋಡೆಯ ಮೇಲೆ ಮೂಡುತ್ತಿದ್ದ ಅಲೆಅಲೆಯಾದ ಗೀರುಗಳ ಬೆನ್ನು ಹತ್ತಿ, ಅವುಗಳನ್ನು ಸೈತಾನನ ಉಗುರುಗುರುತು ಎಂದು ಕರೆದು, ಕೊನೆಗೆ ಅಲ್ಯೂಮಿನಿಯಂ ಬೆರೆಸಿದ ಇಂಗಾಲದ ಸೀಲಿನಿಂದ ಅವುಗಳನ್ನು ನಿವಾರಿಸಿತು. ಆ ಶ್ರಮದ ಫಲವಾಗಿ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಬಂದಿತು. 1978ರಿಂದ 2002ರವರೆಗೆ 8 ಲಕ್ಷಕ್ಕೂ ಹೆಚ್ಚು ಆರ್‌ಎಕ್ಸ್-7 ಕಾರುಗಳು ತಯಾರಾದವು. 1991ರ ಲೆ ಮಾನ್ಸ್ 24 ಗಂಟೆಗಳ ಸ್ಪರ್ಧೆಯನ್ನು ನಾಲ್ಕು ರೋಟರುಗಳ ಮಜ್ದಾ ಗೆದ್ದಿತು. ರಿಪೇರಿಗೆ ದಕ್ಕದ ಯಂತ್ರವೊಂದು ಇಷ್ಟು ದೂರ ಬರಲಾರದು.

ಇನ್ನು ನನ್ನ ಕಾರಿನ ವಿಷಯ. ಕೊಂಡ ವಾರದಲ್ಲೇ ಇಲ್ಲಿನ ಗ್ಯಾರೇಜೊಂದರಿಂದ ಮೆಕ್ಯಾನಿಕ್ ಒಬ್ಬರು ಬಂದು, ಕಂಪ್ರೆಷನ್ನನ್ನು, ಅಂದರೆ ಎಂಜಿನ್ನಿನೊಳಗೆ ಅದುಮಿದ ಗಾಳಿಯ ಒತ್ತಡವನ್ನು, ಅಳೆಯುವ ಸಾಮಾನ್ಯ ಗೇಜನ್ನು ಸ್ಪಾರ್ಕ್ ಪ್ಲಗ್ಗಿನ ಜಾಗಕ್ಕೆ ಹಾಕಿ, ಹಳೆಯ ಬ್ಯಾಟರಿಯಲ್ಲೇ ಸ್ಟಾರ್ಟರ್ ತಿರುಗಿಸಿ, ಕಂಪ್ರೆಷನ್ ಹೋಗಿದೆ, ಪಿಸ್ಟನ್ ಎಂಜಿನ್ ಹಾಕಿಸಿಕೊಳ್ಳುವುದು ಲೇಸು ಎಂದರು. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಅಳೆದ ರೀತಿ ಮಾತ್ರ ತಪ್ಪಾಗಿತ್ತು. ನನ್ನ ಕಾರಿನ 13ಬಿ ಎಂಜಿನ್ನಿನಲ್ಲಿ ಎರಡು ರೋಟರುಗಳಿವೆ. ಪ್ರತಿಯೊಂದಕ್ಕೂ ಮೂರು ಮುಖ; ಶಾಫ್ಟು ಮೂರು ಸುತ್ತು ತಿರುಗಿದಾಗ ರೋಟರು ಒಂದು ಸುತ್ತು ಬರುತ್ತದೆ. ಹಾಗಾಗಿ ಒಂದೇ ಪ್ಲಗ್ಗಿನ ತೂತಿನ ಮುಂದೆ ಮೂರು ಬೇರೆಬೇರೆ ಕೋಣೆಗಳು ಸರದಿಯಂತೆ ಹಾದುಹೋಗುತ್ತವೆ. ಗಾಳಿಯನ್ನು ಹಿಂದಕ್ಕೆ ಬಿಡದ ವಾಲ್ವಿರುವ ಸಾಮಾನ್ಯ ಗೇಜು ಆ ಮೂರರಲ್ಲಿ ಅತಿ ಹೆಚ್ಚಿನದನ್ನು ಮಾತ್ರ ಹಿಡಿದು ನಿಲ್ಲುತ್ತದೆ. ಮೂವರು ಮಕ್ಕಳ ಅಂಕಪಟ್ಟಿಯಲ್ಲಿ ಒಬ್ಬನ ಅಂಕವನ್ನಷ್ಟೇ ಓದಿದಂತಾಯಿತು. ಸಾಲದ್ದಕ್ಕೆ, ಕಂಪ್ರೆಷನ್ನಿನ ಅಂಕಿ ಸ್ಟಾರ್ಟರಿನ ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ. ನಿಮಿಷಕ್ಕೆ 250 ಸುತ್ತಿನ ಲೆಕ್ಕದಲ್ಲಿ ಓದಬೇಕಾದದ್ದನ್ನು ಬಳಲಿದ ಬ್ಯಾಟರಿಯಲ್ಲಿ ಓದಿದರೆ ಹೊಸ ಎಂಜಿನ್ನೂ ರೋಗಿಯಂತೆ ಕಾಣುತ್ತದೆ.

ಮೂರೂ ಮುಖಗಳನ್ನು ಬೇರೆಬೇರೆಯಾಗಿ ತೋರಿಸುವ ರೋಟರಿ ಟೆಸ್ಟರನ್ನು ಪರಿಚಯದವರಿಂದ ಎರವಲು ತಂದು, ಹೊಸ ಬ್ಯಾಟರಿ ಹಾಕಿ ನಾನೇ ಅಳೆದೆ. ಮುಂದಿನ ರೋಟರಿನಲ್ಲಿ 94, 92, 95 ಪಿಎಸ್‌ಐ. ಹಿಂದಿನದರಲ್ಲಿ 93, 52, 48. ಈ ಮಾದರಿಗೆ ಸುಮಾರು 85ಕ್ಕಿಂತ ಕೆಳಗಿಳಿಯಬಾರದು, ಒಂದು ರೋಟರಿನ ಮುಖಗಳ ನಡುವೆ ಸುಮಾರು 20ಕ್ಕಿಂತ ಹೆಚ್ಚು ಅಂತರ ಇರಬಾರದು. ಅಂಕಿಗಳು ಕೆಟ್ಟವೇ, ಆದರೆ ಅವು ಕೆಟ್ಟಿರುವ ಬಗೆಯಲ್ಲಿ ಒಂದು ಸುಳಿವಿತ್ತು. ರೋಟರಿನ ತುದಿಯಲ್ಲಿ ಕೂರುವ ಏಪೆಕ್ಸ್ ಸೀಲು ಅಕ್ಕಪಕ್ಕದ ಎರಡು ಕೋಣೆಗಳ ನಡುವಿನ ಗೋಡೆ. ಅದೊಂದು ಕೈಕೊಟ್ಟರೆ ಎರಡು ಮುಖಗಳು ಒಟ್ಟಿಗೆ ಬೀಳುತ್ತವೆ, ಮೂರನೆಯದು ನೆಟ್ಟಗಿರುತ್ತದೆ. ಒಂದೇ ಮುಖ ಬಿದ್ದಿದ್ದರೆ ಪಕ್ಕದ ಸೈಡ್ ಸೀಲನ್ನು ಅನುಮಾನಿಸಬೇಕು. ಮೂರೂ ಸಮನಾಗಿ ಬಿದ್ದಿದ್ದರೆ ಒಟ್ಟಾರೆ ಸವೆತವೋ, ಪೆಟ್ರೋಲು ತುಂಬಿ ಆಯಿಲಿನ ಪದರ ತೊಳೆದುಹೋಗಿದೆಯೋ ಎಂದು ನೋಡಬೇಕು. ಸೀಲು ಮುರಿದಿದ್ದರೆ ಸಾಮಾನ್ಯವಾಗಿ ಆ ಎರಡು ಅಂಕಿಗಳು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತವೆ. 50ರ ಆಸುಪಾಸಿನಲ್ಲಿ ನಿಂತಿವೆಯೆಂದರೆ, ಹನ್ನೊಂದು ವರ್ಷ ಅಲುಗಾಡದೆ ನಿಂತ ಸೀಲು ಕಾರ್ಬನ್ನಿನಿಂದ ತನ್ನ ಸಂದಿನಲ್ಲೇ ಕಚ್ಚಿಕೊಂಡಿರಬೇಕು, ಸ್ಪ್ರಿಂಗಿಗೆ ಅದನ್ನು ಹೊರಕ್ಕೆ ತಳ್ಳಲಾಗುತ್ತಿಲ್ಲ ಎಂದು ತೀರ್ಮಾನಿಸಿದೆ.

ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಮುಖಕ್ಕೂ ಆಟೊಮ್ಯಾಟಿಕ್ ಗೇರಿನ ಆಯಿಲನ್ನು ಸ್ವಲ್ಪಸ್ವಲ್ಪ ಹಾಕಿ, ಶಾಫ್ಟಿನ ಮುಂತುದಿಯ 19 ಎಂ.ಎಂ. ಬೋಲ್ಟಿಗೆ ಸ್ಪಾನರ್ ಕೊಟ್ಟು, ಕೈಯಿಂದಲೇ ನಿಧಾನವಾಗಿ ತಿರುಗಿಸುತ್ತ ಎರಡು ವಾರ ಕಳೆದೆ. ಸದ್ದಿಲ್ಲದ ರಾತ್ರಿ ಹಾಗೆ ತಿರುಗಿಸುವಾಗ ಪ್ಲಗ್ಗಿನ ತೂತಿನಿಂದ ಉಸಿರು ಬಿಟ್ಟಂತೆ ಸದ್ದು ಬರುತ್ತದೆ: ಒಂದು ಗಟ್ಟಿ, ಎರಡು ಕ್ಷೀಣ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಮೂರೂ ಉಸಿರು ಸಮನಾಗಿ ಕೇಳಿದಾಗ ನನಗಾದ ಸಂತೋಷವನ್ನು ಇಲ್ಲಿ ವರ್ಣಿಸುವುದಿಲ್ಲ. ಮರುದಿನದ ಅಂಕಿಗಳು 95, 88, 87.

ಅಷ್ಟಾದರೂ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ರೋಟರಿ ಕಾರಿನ ತೊಂದರೆಗಳಲ್ಲಿ ಬಹುಪಾಲು ರೋಟರಿನದಲ್ಲ, ಅದರ ಸುತ್ತಲಿನ ಸಾಮಾನುಗಳದು ಎಂಬುದು ನನಗೆ ಮನದಟ್ಟಾದದ್ದು ಆಗಲೇ. ಟ್ಯಾಂಕಿನೊಳಗೆ ತುಕ್ಕು, ಅದರಿಂದ ಕಟ್ಟಿಕೊಂಡ ಫಿಲ್ಟರ್, ಪೆಟ್ರೋಲು ಚಿಮ್ಮಿಸಿದ ಮೇಲೆ ಮುಚ್ಚಿಕೊಳ್ಳದೆ ಸೋರುವ ಇಂಜೆಕ್ಟರ್. ಸೋರಿದ ಪೆಟ್ರೋಲು ಕೋಣೆಗೆ ತುಂಬಿ, ಗೋಡೆಯ ಆಯಿಲನ್ನು ತೊಳೆದು, ಸೀಲು ಹಿಡಿಯದಂತೆ ಮಾಡುತ್ತದೆ. ಹೊಸಬರು ಸ್ಟಾರ್ಟರ್ ಒತ್ತುತ್ತಲೇ ಇರುತ್ತಾರೆ, ಅದರಿಂದ ಇನ್ನಷ್ಟು ಪೆಟ್ರೋಲು ಒಳಗಿಳಿಯುತ್ತದೆ, ಕೊನೆಗೆ ಎಂಜಿನ್ ಸತ್ತಿದೆ ಎಂದುಕೊಳ್ಳುತ್ತಾರೆ. ಪೆಟ್ರೋಲಿನ ಪೂರೈಕೆ ನಿಲ್ಲಿಸಿ, ಪ್ಲಗ್ ಬಿಚ್ಚಿ, ಸ್ಟಾರ್ಟರಿನಿಂದ ತಿರುಗಿಸಿ ಒಳಗಿನದನ್ನು ಹೊರಗೆ ಚೆಲ್ಲಿಸಿ, ಒಂದು ಚಮಚ ಆಯಿಲ್ ಹಾಕಿ, ಒಣಗಿದ ಪ್ಲಗ್ಗುಗಳನ್ನು ಮತ್ತೆ ಕೂರಿಸಿದರೆ ಎಷ್ಟೋ ಸತ್ತ ಎಂಜಿನ್ನುಗಳು ಎದ್ದು ಕೂರುತ್ತವೆ. ತಣ್ಣಗಿರುವ ಕಾರನ್ನು ಸ್ಟಾರ್ಟ್ ಮಾಡಿ, ನಾಲ್ಕು ಮಾರು ಸರಿಸಿ, ಕೂಡಲೇ ಆಫ್ ಮಾಡುವ ಅಭ್ಯಾಸದಿಂದಲೂ ಇದೇ ತೊಂದರೆ ಬರುತ್ತದೆ.

ಇಗ್ನಿಷನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ರೋಟರಿಗೆ ಲೀಡಿಂಗ್, ಟ್ರೇಲಿಂಗ್ ಎಂದು ಎರಡು ಪ್ಲಗ್ಗುಗಳಿದ್ದು, ಕೆಲಸದ ಹೆಚ್ಚಿನ ಭಾರ ಕೆಳಗಿನ ಲೀಡಿಂಗ್ ಪ್ಲಗ್ಗಿನ ಮೇಲಿರುವುದರಿಂದ ಮೊದಲು ಅದರ ಕಿಡಿಯನ್ನು ನೋಡಬೇಕು. ಐಡ್ಲಿಂಗ್ ಏರಿಳಿಯುತ್ತಿದ್ದುದಕ್ಕೆ ಬಿರುಕುಬಿಟ್ಟ ವ್ಯಾಕ್ಯೂಮ್ ಹೋಸುಗಳೇ ಕಾರಣವಾಗಿದ್ದವು, ಅವನ್ನೆಲ್ಲ ಬದಲಿಸಿದೆ. ಆದರೆ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆ. ಈ ಮಾದರಿಯಲ್ಲಿ ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಫ್ಯುಯೆಲ್ ರೈಲೆಂಬ ಕೊಳವೆಯ ಮೇಲಿರುವ, ಪೆಟ್ರೋಲಿನ ಒತ್ತಡದ ಏರಿಳಿತ ತಗ್ಗಿಸುವ ಪಲ್ಸೇಷನ್ ಡ್ಯಾಂಪರ್ ಎಂಬ ಸಣ್ಣ ಬಿಡಿಭಾಗ ಹಳತಾದಂತೆ ಪೆಟ್ರೋಲು ಸೋರಿ, ಬಿಸಿ ಎಂಜಿನ್ನಿನ ಮೇಲೆ ಸುರಿದು, ಕಾರುಗಳಿಗೆ ಬೆಂಕಿ ಹತ್ತಿದ ನಿದರ್ಶನಗಳಿವೆ. ಬಾನೆಟ್ಟಿನಡಿಯಿಂದ ಪೆಟ್ರೋಲಿನ ವಾಸನೆ ಬಂದರೆ, ಆ ಭಾಗವನ್ನು ಪರೀಕ್ಷಿಸುವವರೆಗೆ ಯಾರೂ ದಯವಿಟ್ಟು ಕೀಲಿ ತಿರುಗಿಸಬಾರದು.

ಆಯಿಲ್ ಕುಡಿಯುತ್ತದೆ ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. ರೋಟರಿ ಎಂಜಿನ್ ಆಯಿಲ್ ಸುಡುವುದು ರೋಗವಲ್ಲ, ಅದರ ರಚನೆಯೇ ಹಾಗಿದೆ. ಏಪೆಕ್ಸ್ ಸೀಲು ಒಣಗದಿರಲೆಂದು ಮೀಟರಿಂಗ್ ಪಂಪೊಂದು ಹನಿಹನಿಯಾಗಿ ಆಯಿಲನ್ನು ಒಳಗೆ ಕಳಿಸುತ್ತದೆ. ನಮ್ಮ ತಂದೆಯವರು ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕಿಗೆ ಪೆಟ್ರೋಲಿನೊಂದಿಗೆ ಆಯಿಲ್ ಬೆರೆಸಿ ಹಾಕುತ್ತಿದ್ದುದನ್ನು ಕಂಡ ನನಗೆ ಇದು ವಿಚಿತ್ರವೆನಿಸಲಿಲ್ಲ. ಹಳೆಯ ಕಾರುಗಳಲ್ಲಿ ಆ ಪಂಪಿನ ಪ್ಲಾಸ್ಟಿಕ್ ನಳಿಕೆಗಳು ಸೆಟೆದು ಮುರಿಯುತ್ತವೆ. ಆಗ ಆಯಿಲಿನ ಖರ್ಚು ಕಡಿಮೆಯಾಯಿತೆಂದು ಹಿಗ್ಗುವ ಮಾಲೀಕನ ಎಂಜಿನ್ ಒಳಗೊಳಗೇ ಸವೆಯುತ್ತಿರುತ್ತದೆ. ನಾನು ನಳಿಕೆಗಳನ್ನು ಬದಲಿಸಿದ ಮೇಲೂ ಲೀಟರ್ ಪೆಟ್ರೋಲಿಗೆ 5 ಮಿಲಿಲೀಟರಿನಷ್ಟು ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತೇನೆ. ಯೆಜ್ಡಿಯ ಪ್ರಮಾಣಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ.

ಎಂಜಿನ್ನನ್ನು ಬಿಚ್ಚಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಾರು ಏಳು ತಿಂಗಳು ಓಡಿದ ಮೇಲೆ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಒಂದು ರೋಟರು ಮಿಸ್ ಆಗುವುದು, ಸಿಹಿ ವಾಸನೆಯ ಬಿಳಿ ಹೊಗೆ, ಎರಡು ನಿಮಿಷದಲ್ಲಿ ಎಲ್ಲ ಸರಿಹೋಗುವುದು ಶುರುವಾಯಿತು. ರೇಡಿಯೇಟರಿಗೆ ಪಂಪಿನಿಂದ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟು ನೋಡಿದರೆ, ಬೆಳಿಗ್ಗೆ ಮುಂದಿನ ರೋಟರಿನ ಪ್ಲಗ್ಗಿನ ತೂತಿನಲ್ಲಿ ಎಂಜಿನ್ ತಂಪಾಗಿಸುವ ಕೂಲೆಂಟ್ ದ್ರವ ಕಂಡಿತು. ಅಲ್ಯೂಮಿನಿಯಂ ಹೌಸಿಂಗುಗಳನ್ನೂ ಎರಕದ ಕಬ್ಬಿಣದ ತಟ್ಟೆಗಳನ್ನೂ ಒಂದರ ಪಕ್ಕ ಒಂದಿಟ್ಟು ಉದ್ದನೆಯ ಬೋಲ್ಟುಗಳಿಂದ ಬಿಗಿದ ಈ ಎಂಜಿನ್ನಿನಲ್ಲಿ, ಎರಡು ಲೋಹಗಳೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ, ನಡುವಿನ ರಬ್ಬರ್ ಸೀಲು ಹಳತಾದಾಗ ಸೋರುವುದು ಸಹಜ. ಅದಕ್ಕೆ ಬಿಚ್ಚುವುದೊಂದೇ ದಾರಿ, ಬಿಚ್ಚಿದೆ. ಒಳಗೆ ಹೌಸಿಂಗುಗಳ ಕ್ರೋಮ್ ಗೋಡೆ ನುಣುಪಾಗಿಯೇ ಇತ್ತು, ತಟ್ಟೆಗಳಲ್ಲಿ ರಬ್ಬರ್ ಕೂರುವ ಗ್ರೂವಿನ ಅಂಚು ತುಕ್ಕಿಗೆ ಮುರಿದಿರಲಿಲ್ಲ. ಸೀಲುಗಳನ್ನೆಲ್ಲ ಹೊಸದಾಗಿ ಹಾಕಿ, ಅವೇ ಹೌಸಿಂಗುಗಳನ್ನು ಮತ್ತೆ ಜೋಡಿಸಿದೆ. ಮೊದಲ ದಿನದ ಸಲಹೆಯನ್ನು ಪಾಲಿಸಿದ್ದರೆ ಗುಜರಿ ಸೇರುತ್ತಿದ್ದುದು ಇವೇ ಹೌಸಿಂಗುಗಳು. ಆರ್‌ಎಕ್ಸ್-7ರ ಬಿಡಿಭಾಗಗಳನ್ನು ಮತ್ತೆ ತಯಾರಿಸಿ ಕೊಡುವುದಾಗಿ ಮಜ್ದಾ 2020ರಲ್ಲಿ ಪ್ರಕಟಿಸಿದ್ದು ನೆಮ್ಮದಿಯ ವಿಷಯವೇ ಆದರೂ, ಒಳ್ಳೆಯ ಹೌಸಿಂಗಿನ ಬೆಲೆ ಏನೆಂಬುದು ಹುಡುಕಿದವರಿಗೇ ಗೊತ್ತು.

ಇದೆಲ್ಲ ಕನ್ನಡ ಓದುಗರಿಗೆ ದೂರದ ಮಾತೆಂದು ಭಾವಿಸಬೇಕಿಲ್ಲ. ನಿಶಾಂತ್ ಎಂಬ ಚಾಲಕರಹಿತ ವಿಮಾನಕ್ಕಾಗಿ ನಮ್ಮ ದೇಶದ ಮೊದಲ ವಾಂಕೆಲ್ ಎಂಜಿನ್ನನ್ನು ರೂಪಿಸುವುದರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ವೈಮಾನಿಕ ಅಭಿವೃದ್ಧಿ ಸಂಸ್ಥೆಯೂ ಅಹಮದ್‌ನಗರದ ವಾಹನ ಸಂಶೋಧನಾ ಸಂಸ್ಥೆಯೊಂದಿಗೆ ದುಡಿದಿವೆ. 55 ಅಶ್ವಶಕ್ತಿಯ ಆ ಎಂಜಿನ್ ಹೊತ್ತ ವಿಮಾನ 2009ರಲ್ಲಿ ಹಾರಿದ್ದು ಕೋಲಾರದಲ್ಲಿ. ತಮ್ಮ ಲೇಖನದಲ್ಲಿ ಇದರ ಪ್ರಸ್ತಾಪವೇ ಇಲ್ಲದಿದ್ದುದು ನನಗೆ ನಿಜವಾಗಿಯೂ ಬೇಸರ ತಂದಿತು.

ಆದಕಾರಣ, ರೋಟರಿ ಎಂಜಿನ್ ಆಯಿಲ್ ಬಳಸುವುದು ದೋಷವಲ್ಲವೆಂದೂ, ಮೂರೂ ಮುಖಗಳ ಕಂಪ್ರೆಷನ್ ಅಳೆಯದೆ ಅದು ಕೆಟ್ಟಿದೆಯೆಂದು ಹೇಳಲಾಗದೆಂದೂ ಮುಂದಿನ ವಾಹನ ಪುಟದಲ್ಲಿ ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಸ್ಥಳಾವಕಾಶವಿದ್ದರೆ ಮೇಲಿನ ಅಂಕಿಗಳನ್ನು ಅವನ್ನು ಅಳೆದ ಕ್ರಮದೊಂದಿಗೆ ಬಳಸಿಕೊಳ್ಳಲು ನನ್ನ ಅಭ್ಯಂತರವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಆಕ್ಲೆಂಡ್, ನ್ಯೂಜಿಲೆಂಡ್