ಹಳಿ ಕುಸಿದರೆ ಮೊದಲು ನೆಲ ನೋಡು

ಚಿ. ಸುನೀತಾಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಗದಗ–ಹೊಸಪೇಟೆ ಕಡೆಯ ಸೆಕ್ಷನ್ನಿಗೆ ಪಿ.ವೇ (ಹಳಿ ನಿರ್ವಹಣೆಯ) ಜೂನಿಯರ್ ಇಂಜಿನಿಯರ್ ಆಗಿ ಹೋಗುತ್ತೀಯೆಂದು ಅಣ್ಣ ಹೇಳಿದ. ಬಹಳ ಸಂತೋಷವಾಯಿತು. ಹಳಿ, ಸ್ಲೀಪರ್ (ಹಳಿಯ ಕೆಳಗಿನ ಅಡ್ಡತೊಲೆ), ವೆಲ್ಡಿಂಗ್ ಎಲ್ಲ ಟ್ರೈನಿಂಗಿನಲ್ಲಿ ಚೆನ್ನಾಗಿ ಕಲಿಸಿರುತ್ತಾರೆ. ಆದರೆ ಆ ದಾರಿಯಲ್ಲಿ ಮೇಲೆ ಅದಿರು, ಕಲ್ಲಿದ್ದಲಿನ ಗೂಡ್ಸ್ ರೇಕ್‌ಗಳು, ಕೆಳಗೆ ಎರೆಮಣ್ಣು. ನಿನ್ನನ್ನು ಹೆಚ್ಚು ಕಾಡುವುದು ಆ ಮಣ್ಣೇ. ಅದಕ್ಕೇ ಈ ಪತ್ರ.

ಮೊದಲು ಭಾರದ ಲೆಕ್ಕ ಮನಸ್ಸಿನಲ್ಲಿರಲಿ. ಹಳೆಯ ಬಾಕ್ಸ್‌ಎನ್ ವ್ಯಾಗನ್ನಿನ ಆಕ್ಸಲ್ ಲೋಡ್, ಅಂದರೆ ಒಂದು ಜೋಡಿ ಚಕ್ರದ ಅಚ್ಚು ಹಳಿಗೆ ಇಳಿಸುವ ಭಾರ, 20.32 ಟನ್. 2005ರಿಂದೀಚೆಗೆ ಅದಿರಿನ ದಾರಿಗಳಲ್ಲಿ ಹೆಚ್ಚು ತುಂಬಲು ಬಿಟ್ಟರು. ಈಗಿನ ಬಾಕ್ಸ್‌ಎನ್‌ಎಚ್‌ಎಲ್ ಆಕ್ಸಲ್ಲಿಗೆ 22.9 ಟನ್ ಹೊರುತ್ತದೆ. ಭಾರ ಏರಿದ್ದು ಶೇ. 13ರಷ್ಟು ಮಾತ್ರ, ಆದರೆ ನೆಲಕ್ಕೆ ಆಗುವ ಪೆಟ್ಟು ಅದೇ ಲೆಕ್ಕದಲ್ಲಿ ಏರುವುದಿಲ್ಲ. ಪ್ರತಿ ಮಣ್ಣಿಗೂ ತಾಳುವ ಒಂದು ಮಿತಿ ಇದೆ. ಒತ್ತಡ ಅದರೊಳಗಿದ್ದರೆ ಗಾಡಿ ಹೋದ ಮೇಲೆ ನೆಲ ಮೊದಲಿದ್ದ ಮಟ್ಟಕ್ಕೇ ಬರುತ್ತದೆ. ಮೀರಿದರೆ ಪ್ರತಿ ಆಕ್ಸಲ್ ಕಣ್ಣಿಗೆ ಕಾಣದಷ್ಟು ತಗ್ಗನ್ನು ಉಳಿಸಿ ಹೋಗುತ್ತದೆ. 58 ವ್ಯಾಗನ್ನಿನ ಒಂದು ರೇಕಿನಲ್ಲಿ 232 ಆಕ್ಸಲ್. ತುಂಬಿದಾಗ ತೂಕ 5,300 ಟನ್. ದಿನಕ್ಕೆ ಅಂಥ ಹತ್ತು ರೇಕ್ ಓಡಿದರೆ ವರ್ಷಕ್ಕೆ 19 ಜಿಎಂಟಿ (ಹಳಿಯ ಮೇಲೆ ಹಾಯುವ ಒಟ್ಟು ತೂಕ, ದಶಲಕ್ಷ ಟನ್ನುಗಳಲ್ಲಿ) ದಾಟುತ್ತದೆ.

ಮಣ್ಣಿನ ಆ ಮಿತಿಯೂ ಒಂದೇ ಕಡೆ ನಿಲ್ಲುವುದಿಲ್ಲ, ನೀರಿನೊಂದಿಗೆ ಇಳಿಯುತ್ತದೆ. ಮಾರ್ಚ್ ತಿಂಗಳಲ್ಲಿ ಯಾವ ತೊಂದರೆಯೂ ಮಾಡದ ಗಾಡಿ ಸೆಪ್ಟೆಂಬರಿನಲ್ಲಿ ಅದೇ ಜಾಗವನ್ನು ಕೂರಿಸುತ್ತದೆ. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ, ಮುಂಗಾರಿನ ಮೊದಲ ಮಳೆ ಆ ಬಿರುಕಿನಲ್ಲೇ ಏರಿಯೊಳಗೆ (ಹಳಿ ಹೊತ್ತ ಮಣ್ಣಿನ ದಿಬ್ಬದೊಳಗೆ) ಇಳಿಯುತ್ತದೆ, ಮಣ್ಣು ಉಬ್ಬಿ ಬಲ ಕಳೆದುಕೊಳ್ಳುತ್ತದೆ.

ಗಾಡಿ ನೆಲವನ್ನು ಒತ್ತುವ ರೀತಿಯನ್ನೂ ತಿಳಿದುಕೋ. ಚಕ್ರದ ಭಾರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ನೇರ ಕೆಳಗಿನ ಸ್ಲೀಪರ್ ಹೊರುತ್ತದೆ, ಉಳಿದದ್ದು ಅಕ್ಕಪಕ್ಕದವಕ್ಕೆ. ಒಂದು ಸ್ಲೀಪರ್ ಜಲ್ಲಿ ಬಿಟ್ಟು ನೇತಾಡುತ್ತಿದ್ದರೆ ಅದರ ಪಾಲೂ ಪಕ್ಕದವಕ್ಕೇ ಬೀಳುತ್ತದೆ. ಬಾಕ್ಸ್‌ಎನ್‌ನಲ್ಲಿ ಬೋಗಿಯ (ವ್ಯಾಗನ್ ಕೆಳಗಿನ ಚಕ್ರಗಳ ಚೌಕಟ್ಟಿನ) ಎರಡು ಆಕ್ಸಲ್‌ಗಳ ನಡುವೆ 2 ಮೀಟರ್. ಹಿಂದಿನ ವ್ಯಾಗನ್ನಿನ ಬೋಗಿಯೂ ಅಷ್ಟೇ ಹತ್ತಿರ. ಹೀಗೆ ನಾಲ್ಕು ಆಕ್ಸಲ್ ಒಟ್ಟಿಗೆ ಬರುತ್ತವೆ, ಆಮೇಲೆ ನಾಲ್ಕೂವರೆ ಮೀಟರ್ ಖಾಲಿ. ಜಲ್ಲಿಗೆ ನಾಲ್ಕು ಬೇರೆ ಬೇರೆ ಪೆಟ್ಟು. ಕೆಳಗಿನ ಮಣ್ಣಿಗೆ ಆ ನಾಲ್ಕೂ ಕೂಡಿ ಒಂದೇ ದೊಡ್ಡ ಒತ್ತು. 60 ಕಿ.ಮೀ. ವೇಗದಲ್ಲಿ ಇಂಥ ಒತ್ತು ಸುಮಾರು 0.64 ಸೆಕೆಂಡಿಗೊಂದರಂತೆ ಬರುತ್ತದೆ. ಎರೆಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಬರಲು ಆ ಬಿಡುವು ಏನೇನೂ ಸಾಲದು. ನೀರಿನ ಒತ್ತಡ ಏರುತ್ತ ಹೋಗಿ ಮಣ್ಣಿನ ಕಣಗಳ ಹಿಡಿತ ಸಡಿಲವಾಗುತ್ತದೆ, ಕೆಸರು ಜಲ್ಲಿಯೊಳಗೆ ಮೇಲೇರುತ್ತದೆ, ಜಲ್ಲಿ ಕೆಳಕ್ಕೆ ಇಳಿಯುತ್ತದೆ.

ಜಲ್ಲಿ ಇಳಿದ ಜಾಗ ಸ್ಲೀಪರ್ ಕೆಳಗೆ ಬೋಗುಣಿಯಂತೆ ತಗ್ಗಾಗುತ್ತದೆ. ಅದೇ ಬ್ಯಾಲಸ್ಟ್ ಪಾಕೆಟ್. ಸುತ್ತ ಎರೆ ಇರುವುದರಿಂದ ಒಳಗೆ ಬಿದ್ದ ನೀರಿಗೆ ದಾರಿಯಿಲ್ಲ. ಲೆವೆಲ್ ತಗ್ಗಿತೆಂದು ಜಲ್ಲಿ ಸುರಿದು ಮಷಿನ್ ಪ್ಯಾಕಿಂಗ್ (ಟ್ಯಾಂಪಿಂಗ್, ಸ್ಲೀಪರ್ ಕೆಳಗೆ ಜಲ್ಲಿ ಗಿಡಿಯುವುದು) ಮಾಡಿಸಿದರೆ ಮೇಲಿನ ಲೆಕ್ಕ ಸರಿಹೋಗುತ್ತದೆ, ಒಳಗಿನ ಪಾಕೆಟ್ ಇನ್ನಷ್ಟು ಆಳವಾಗುತ್ತದೆ. ಪ್ರತಿ ಟ್ಯಾಂಪಿಂಗಿನಲ್ಲೂ ಜಲ್ಲಿಯ ಮೂಲೆ ಮುರಿದು ಪುಡಿಯಾಗುತ್ತದೆ, ಆ ಪುಡಿ ನೀರನ್ನು ಇನ್ನೂ ತಡೆಯುತ್ತದೆ. ಆದ್ದರಿಂದ ಒಂದೇ ಜಾಗಕ್ಕೆ ಪದೇ ಪದೇ ಪ್ಯಾಕಿಂಗ್ ಬೇಕಾಗುತ್ತಿದೆ ಎಂದರೆ, ಮತ್ತೆ ಮಷಿನ್ ಕೇಳಬೇಡ. ಗುಂಡಿ ತೆಗೆಸಿ ನೋಡು. ಇದೊಂದು ಮಾತನ್ನು ನೀನು ನಡೆಸಿಕೊಡಲೇಬೇಕು.

ಗುಂಡಿಯನ್ನು ಬ್ಲಾಕ್ (ಗಾಡಿ ಓಡಾಟ ನಿಲ್ಲಿಸುವ ಅನುಮತಿ) ತೆಗೆದುಕೊಂಡೇ ತೆಗೆಸು, ಬಿಸಿಲೇರುವ ಮುಂಚೆ. ಎಲ್‌ಡಬ್ಲ್ಯುಆರ್ (ಉದ್ದಕ್ಕೆ ಬೆಸೆದ ಹಳಿ) ಇರುವ ಕಡೆ ಉಷ್ಣಾಂಶದ ಮಿತಿ ಮೀರಿ ಜಲ್ಲಿ ಸರಿಸಿದರೆ ಹಳಿ ಸೊಟ್ಟಾದೀತು. ಎರಡು ಸ್ಲೀಪರ್ ನಡುವೆ, ತುದಿಯಿಂದ ಒಳಗೆ, ಜಲ್ಲಿ ಮುಗಿದು ಮಣ್ಣು ಸಿಗುವವರೆಗೂ ಅಗೆಸು. ಜಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ನೀರು ಯಾವ ಮಟ್ಟದಲ್ಲಿ ನಿಂತಿದೆ, ಮಣ್ಣು ಮೃದುವಾಗಿದೆಯೋ ಗಟ್ಟಿಯಿದೆಯೋ, ಅಳತೆ ಹಾಕಿ ಬರೆದಿಡು. ಎರಡೂ ಹಳಿಗಳ ಕೆಳಗೆ ಅಳೆ. ಪಾಕೆಟ್ ಒಂದೇ ಹಳಿಯ ಕೆಳಗಿದ್ದರೆ ಕ್ರಾಸ್ ಲೆವೆಲ್ (ಎರಡು ಹಳಿಗಳ ಎತ್ತರದ ಹೊಂದಾಣಿಕೆ) ಯಾಕೆ ತಪ್ಪುತ್ತಿದೆಯೆಂದು ಅಲ್ಲೇ ಗೊತ್ತಾಗುತ್ತದೆ.

ಕೆಸರು ಕಂಡ ಮಾತ್ರಕ್ಕೆ ನೆಲ ಕೆಟ್ಟಿದೆ ಎನ್ನಲೂ ಬೇಡ. ಬೂದುಬಣ್ಣದ್ದಾದರೆ ಜಲ್ಲಿಯದೇ ಪುಡಿ. ಕೆಂಪಗಿದ್ದರೆ ವ್ಯಾಗನ್ನಿನಿಂದ ಉದುರಿದ ಅದಿರು. ಕಪ್ಪಗಿದ್ದರೆ ಕಲ್ಲಿದ್ದಲ ಪುಡಿಯೋ ಎರೆಯೋ ಎಂದು ಕಣ್ಣಿಗೆ ತಿಳಿಯದು. ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದು ನೋಡು. ಎರೆ ಅಂಟಂಟಾಗಿ ದಾರದಂತೆ ಎಳೆ ಬರುತ್ತದೆ, ಕಲ್ಲಿದ್ದಲು ಎಳೆ ಬರದೆ ಪುಡಿಯಾಗುತ್ತದೆ. ಪುಡಿ ಮಾತ್ರ ಇದ್ದರೆ ಡೀಪ್ ಸ್ಕ್ರೀನಿಂಗ್ (ಜಲ್ಲಿ ತೆಗೆದು ಜರಡಿ ಹಿಡಿದು ಮತ್ತೆ ಹಾಕುವುದು) ಸಾಕು. ಎರೆ ಮೇಲೆ ಬಂದಿದ್ದರೆ ಸ್ಕ್ರೀನಿಂಗಿನಿಂದ ಕೆಲವು ತಿಂಗಳ ಉಪಶಮನ, ಅಷ್ಟೇ.

ನೆಲ ಜಾರುತ್ತಿರುವ ಲಕ್ಷಣಗಳು ಬೇರೆ. ಸ್ಲೀಪರ್ ತುದಿಯಾಚೆ ಸೆಸ್ (ಜಲ್ಲಿಯ ಪಕ್ಕದ ಮಣ್ಣಿನ ಅಂಚು) ಉಬ್ಬಿದ್ದರೆ, ಏರಿಯ ಅಂಚಿನಲ್ಲಿ ಹಳಿಗೆ ಸಮಾನಾಂತರವಾಗಿ ಬಿರುಕು ಬಿಟ್ಟಿದ್ದರೆ, ಓಎಚ್‌ಇ ವಿದ್ಯುತ್ ತಂತಿಯ ಕಂಬ ವಾಲಿದ್ದರೆ ಅದೇ ದಿನ ಮೇಲಿನವರಿಗೆ ತಿಳಿಸು. ಅಂಥ ಕಡೆ ವೇಗ ಇಳಿಸಲೇಬೇಕು. ಆದರೆ ವೇಗ ಇಳಿಸಿದರೆ ಕಡಿಮೆಯಾಗುವುದು ಹೊಡೆತ ಮಾತ್ರ, 22.9 ಟನ್ ಅಷ್ಟೇ ಇರುತ್ತದೆ. ರೆಸ್ಟ್ರಿಕ್ಷನ್ ಹಾಕಿಸಿ ಕೆಲಸ ಮುಗಿಯಿತೆಂದುಕೊಳ್ಳಬೇಡ.

ರಿಪೇರಿಯಲ್ಲಿ ನೀರಿಗೇ ಮೊದಲ ಸ್ಥಾನ. ಪಾಕೆಟ್‌ನ ನೀರು ತೆಗೆಯಲು ಅಡ್ಡ ಚರಂಡಿ ಕಡಿಸಿದರೆ ಅದರ ತಳ ಪಾಕೆಟ್‌ನ ಅತಿ ಆಳದ ಜಾಗಕ್ಕಿಂತಲೂ ಕೆಳಗಿರಬೇಕು, ಹೊರಕ್ಕೆ ಇಳಿಜಾರಿರಬೇಕು. ಅರ್ಧಕ್ಕೆ ನಿಂತ ಚರಂಡಿಯಿಂದ ಏನೂ ಉಪಯೋಗವಿಲ್ಲ. ಸೆಸ್ ಜಲ್ಲಿಯ ತಳಕ್ಕಿಂತ ಎತ್ತರವಾಗದಂತೆ ನೋಡಿಕೋ. ಸ್ಕ್ರೀನಿಂಗ್ ಮಾಡಿದ ಕಸವನ್ನು ಸೆಸ್ ಮೇಲೇ ಗುಡ್ಡೆ ಹಾಕಿ ಹೋಗುವ ಅಭ್ಯಾಸ ಎಲ್ಲೆಡೆ ಇದೆ. ಅದು ಏರಿಗೆ ಒಡ್ಡು ಕಟ್ಟಿದ ಹಾಗೆಯೇ. ತುಂಗಭದ್ರಾ ಕಾಲುವೆ ನೀರುಣ್ಣುವ ಕಡೆ ಏರಿಯ ಬುಡದಲ್ಲೇ ಗದ್ದೆ ನೀರು ನಿಂತಿರುತ್ತದೆ. ರೈತರೊಂದಿಗೆ ಗೌರವದಿಂದ ಮಾತಾಡಿ, ಬುಡದಿಂದ ದೂರಕ್ಕೆ ಬಸಿಗಾಲುವೆ ಮಾಡಿಸು.

ನೀರು ಬಸಿದ ಮೇಲೂ ಹಳಿ ಕೂರುವುದು ನಿಲ್ಲದಿದ್ದರೆ ಜಲ್ಲಿಗೂ ಮಣ್ಣಿಗೂ ನಡುವೆ ಬ್ಲ್ಯಾಂಕೆಟ್ ಬೇಕು. ಅದು ದಪ್ಪ, ಸಣ್ಣ ಕಣಗಳು ಹದವಾಗಿ ಬೆರೆತ ಗಟ್ಟಿ ಪದರ. ಭಾರ ಹರಡುತ್ತದೆ, ಕೆಸರು ಏರದಂತೆ ತಡೆಯುತ್ತದೆ. ಸದರ್ನ್ ಮರಾಠಾ ರೈಲ್ವೆಯವರು ಮೀಟರ್ ಗೇಜಿಗೆಂದು ಕಟ್ಟಿದ ಏರಿಗಳಿಗೆ ಇಂಥ ಪದರ ಇರಲಿಲ್ಲ. ಡಬ್ಲಿಂಗಿನಲ್ಲಿ ಬಂದ ಹೊಸ ಲೈನಿಗೂ ಹಳೆಯದಕ್ಕೂ ಪಕ್ಕಪಕ್ಕದಲ್ಲೇ ವ್ಯತ್ಯಾಸ ಕಂಡರೆ ಇದನ್ನು ನೆನೆ. ಜಿಯೋಟೆಕ್ಸ್‌ಟೈಲ್ ಹಾಸಿದರೆ ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡ. ಆ ಬಟ್ಟೆ ಜಲ್ಲಿ, ಮಣ್ಣುಗಳನ್ನು ಬೇರ್ಪಡಿಸುತ್ತದೆ, ಬಲ ಕೊಡುವುದಿಲ್ಲ. ಗೂಡ್ಸ್ ಗಾಡಿಗಳಿಗೇ ಮೀಸಲಾದ ಡೆಡಿಕೇಟೆಡ್ ಫ್ರೇಟ್ ಕಾರಿಡಾರ್ ಕಟ್ಟಿದಾಗ ಹಳಿಗಳನ್ನು 25 ಟನ್ ಆಕ್ಸಲ್ಲಿಗೆ, ನೆಲವನ್ನು ಮಾತ್ರ 32.5 ಟನ್ನಿಗೆ ಲೆಕ್ಕಹಾಕಿದರು. ಲೈನು ಬಳಕೆಯಲ್ಲಿರುವಾಗಲೇ ಹಳಿ ಬದಲಿಸಬಹುದು, ಏರಿಯನ್ನು ಬದಲಿಸುವುದು ಬಹಳ ಕಷ್ಟ.

ಸೇತುವೆಯ ಎರಡೂ ತುದಿ, ಲೆವೆಲ್ ಕ್ರಾಸಿಂಗ್, ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ), ಗ್ಲೂಡ್ ಜಾಯಿಂಟ್ (ಅಂಟು ಹಾಕಿದ ಹಳಿ ಜೋಡಣೆ) ಇವುಗಳ ಹತ್ತಿರ ಗಟ್ಟಿ ನೆಲ ಮುಗಿದು ಮೆತ್ತನೆಯದು ಶುರುವಾಗುತ್ತದೆ, ಇಲ್ಲವೇ ಚಕ್ರ ಕುಕ್ಕುತ್ತದೆ. ಮೊದಲು ಕೂರುವುದು ಅಲ್ಲೇ. ಚಕ್ರ ಚಪ್ಪಟೆಯಾದ ವ್ಯಾಗನ್ ಬಂದರೆ ಸದ್ದಿನಲ್ಲೇ ತಿಳಿಯುತ್ತದೆ, ಸ್ಟೇಷನ್ನಿಗೆ ಹೇಳು. ಅದಿರು ತೂಕದ್ದಾದ್ದರಿಂದ ವ್ಯಾಗನ್ ಅರ್ಧ ತುಂಬಿದಾಗಲೇ ಮಿತಿ ಮುಟ್ಟಿರುತ್ತದೆ, ಮಳೆಗಾಲದಲ್ಲಿ ನೆನೆದು ಇನ್ನೂ ಭಾರ. ಅರ್ಧವೇ ಇದೆಯಲ್ಲ ಎಂದು ನಂಬದೆ ತೂಕದ ಚೀಟಿ ಕೇಳು.

ದಿನಾ ಹಳಿ ನೋಡುವ ಕೀಮ್ಯಾನ್ ಮತ್ತು ಗ್ಯಾಂಗಿನ ಮೇಟ್‌ರನ್ನು ಕರೆದುಕೊಂಡು ಮೃಗಶಿರಾ ಮಳೆಗೆ ಮುಂಚೆ ಇಡೀ ಸೆಕ್ಷನ್ ನಡೆ. ಕಳೆದ ಮಳೆಗಾಲದಲ್ಲಿ ಎಲ್ಲೆಲ್ಲಿ ಕೆಸರು ಎದ್ದಿತ್ತು, ಎಲ್ಲಿ ಪ್ಯಾಕಿಂಗ್ ನಿಲ್ಲಲಿಲ್ಲ ಎಂದು ಅವರನ್ನೇ ಕೇಳಿ ಕಿಲೋಮೀಟರ್ ಸಮೇತ ಬರೆದುಕೋ. ಚರಂಡಿ ಕೆಲಸ ಆ ಜಾಗಗಳಿಂದಲೇ ಶುರುಮಾಡಿಸು.

ಇತಿ,
ನಿನ್ನ ಕಾಕಾ